ಮೂರು ಸಲ ಮುಖಾರಿ

ಸಿನಿಮಾಕ್ಕೆ ಇನ್ನೂ ಬಾಯಿ ಬಂದಿರದ ಕಾಲ ಅದು. ಟೆಂಟು ಸಿನಿಮಾದ ಪರದೆಯ ಪಕ್ಕದಲ್ಲಿ ಕೂತ ಹಾರ್ಮೋನಿಯಂ ಮೇಷ್ಟ್ರು ಚಿತ್ರ ನೋಡುತ್ತ ನೋಡುತ್ತಲೇ ಅದಕ್ಕೊಪ್ಪುವ ರಾಗ ನುಡಿಸಬೇಕಿತ್ತು. ಆ ಸಂಜೆಯ ಹೊಸ ಚಿತ್ರದಲ್ಲಿ ಅವರ ಮಗಳೇ ನಾಯಕಿ. ನಟಿಯಾಗುತ್ತೇನೆಂದು ಮನೆಬಿಟ್ಟು ಹೋದವಳ ಮೇಲಿನ ಕೋಪಕ್ಕೆ ಮೇಷ್ಟ್ರು ಎರಡು ವರ್ಷದಿಂದ ಅವಳ ಮುಖ ನೋಡಿರಲಿಲ್ಲ.

ಚಿತ್ರದ ಕೊನೆಯಲ್ಲಿ ಮಗಳು ಹೊಳೆಗೆ ಹಾರಿದಳು. ಕೈ ಮೇಲೆತ್ತಿ, ಬಾಯಿ ತೆರೆದು ಏನೋ ಕೂಗಿದಳು; ಕೇಳಿಸಲಿಲ್ಲ. ಮೇಷ್ಟ್ರು ಶೋಕದ ಮುಖಾರಿ ರಾಗ ಹಿಡಿದರು. ಟೆಂಟಿಗೆ ಟೆಂಟೇ ಬಿಕ್ಕಿತು.

"ಒನ್ಸ್ ಮೋರ್!" ಎಂದು ಜನ ಕೂಗಿದರು. ರೀಲು ಹಿಂದಕ್ಕೆ ಸುತ್ತಿ ಮೂರು ಸಲ ತೋರಿಸಿದರು. ಮೂರು ಸಲವೂ ಮೇಷ್ಟ್ರು ನುಡಿಸಿದರು.

ಆಟ ಮುಗಿದ ಮೇಲೆ ಅವರು ಟೆಂಟಿನ ಸಾಹುಕಾರರ ಕೈ ಹಿಡಿದುಕೊಂಡರು.

"ಏನ್ ಆಕ್ಟಿಂಗ್ ಮಾಡಿದಾಳೆ ಸಾವ್ಕಾರ್ರೇ ನನ್ ಕೂಸು! ನನ್ ಕೋಪ ಎಲ್ಲ ಇಳಿದುಹೋಯ್ತು. ಮನೆಗೆ ಬಾರೇ ಅಂತ ಇವತ್ತೇ ಕಾಗದ ಹಾಕ್ತೀನಿ."

ಸಾಹುಕಾರರು ತಲೆ ತಗ್ಗಿಸಿ, ಜೇಬಿನಿಂದ ಒಂದು ಒಡೆದ ಲಕೋಟೆ ತೆಗೆದರು.

"ನಿಮಗೆ ತಿಳಿಸಿ ಅಂತ ಕಂಪ್ನಿಯೋರು ವಾರದ ಹಿಂದೇನೇ ಬರ್ದಿದ್ರು ಮೇಷ್ಟ್ರೇ. ಆ ಸೀನ್ ತೆಗೆದ ದಿನ ಹೊಳೇಲಿ ಸೆಳೆತ ಜಾಸ್ತಿ ಇತ್ತಂತೆ, ಹುಡುಗಿ ಮೇಲಕ್ಕೆ ಬರ್ಲೇ ಇಲ್ವಂತೆ. ಮೊದ್ಲೇ ಹೇಳಿದ್ರೆ ಇವತ್ತು ನುಡಿಸೋರು ಯಾರಿದ್ರು?"