ಬೇವೂರಿನ ಮಣ್ಣಿಗೆ ಹೋದ ಮಾಸ್ತರರು

ಮುಖಕ್ಕೆ ಟವೆಲು ಸುತ್ತಿಕೊಂಡ ಆ ಮನುಷ್ಯ ಮತ್ತೆ ಎದುರಾದಾಗ ಹುಚ್ಚೀರಪ್ಪ ಮಾಸ್ತರರಿಗೆ ಬೆವರೊಡೆಯಿತು. ಬಸ್ಸು ಇಳಿದಾಗ ಕಂಡಿದ್ದ. ಗಿರಮಿಟ್ಟು ತಿನ್ನುವಾಗ ಗಾಡಿಯ ಬಳಿ ಕಂಡಿದ್ದ. ಈಗ ಬೇಲಿಯ ಹತ್ತಿರ, ಎರಡು ಮಾರು ದೂರದಲ್ಲಿ ನಿಂತಿದ್ದಾನೆ. ಕಣ್ಣಿಗೆ ಕಪ್ಪು ಕನ್ನಡಕ ಬೇರೆ. ಮಾಸ್ತರರು ತಮ್ಮ ಮುಖದ ಟವೆಲನ್ನು ಇನ್ನಷ್ಟು ಮೇಲಕ್ಕೆಳೆದುಕೊಂಡರು.

ಹೌದು, ಅವರೂ ಟವೆಲು ಸುತ್ತಿದ್ದರು. ಅದಕ್ಕೆ ಕಾರಣವಿತ್ತು. ಗಂಗಾವತಿಯಾಚೆ, ಭತ್ತ ಕೊಯ್ದ ಬಯಲಿನಲ್ಲಿ ಇಂದು ವಾಯುಪಡೆಯ ಪ್ರದರ್ಶನ. ಅದರ ತಾಲೀಮಿಗೆಂದು ಮೂರು ದಿನ ಯುದ್ಧವಿಮಾನಗಳು ಯಲಬುರ್ಗಾ ಸೀಮೆಯ ಮೇಲೆ ಗುಡುಗಿದ್ದವು. ಮಾಸ್ತರರ ಊರು ತಳಕಲ್ಲಿನ ಎಮ್ಮೆಗಳು ಬೆದರಿ ಹಾಲು ಕೊಡುವುದನ್ನೇ ಬಿಟ್ಟಿದ್ದವು. ಪ್ರದರ್ಶನದತ್ತ ಯಾರೂ ಸುಳಿಯಬಾರದೆಂದು ಊರಿಗೆ ಊರೇ ಆಣೆ ಮಾಡಿತ್ತು. ಆಣೆ ಮಾಡಿಸಿದವರು, ಪ್ರದರ್ಶನ ಬೇಡವೆಂದು ಮನವಿಪತ್ರ ಬರೆದವರು, ವಿರೋಧ ಸಮಿತಿಯ ಅಧ್ಯಕ್ಷರು, ಎಲ್ಲವೂ ಹುಚ್ಚೀರಪ್ಪ ಮಾಸ್ತರರೇ. ಇಲ್ಲಿ ಸಿಕ್ಕಿಬಿದ್ದರೆ ಊರಲ್ಲಿ ಮತ್ತೆ ತಲೆ ಎತ್ತುವಂತಿರಲಿಲ್ಲ.

ಮನವಿಯ ಮೊದಲ ಪುಟ ಎಮ್ಮೆಗಳದ್ದು. ಎರಡನೆಯದು ಮಾಸ್ತರರ ಸ್ವಂತದ್ದು. ಬಾಂಬು ಬಿದ್ದ ಯಾವುದೋ ದೇಶದ ಶಾಲೆಯನ್ನು ಟಿವಿಯಲ್ಲಿ ತೋರಿಸಿದ್ದರು. ಗೋಡೆಯೊಂದೇ ಉಳಿದಿತ್ತು, ಅದರ ಮೊಳೆಯಲ್ಲಿ ಮಗುವಿನ ಪಾಟೀಚೀಲ ತೂಗುತ್ತಿತ್ತು. ಅಂದು ಅವರು ಊಟ ಮಾಡಲಿಲ್ಲ. ‘ಇವು ಕೊಲ್ಲುವ ಯಂತ್ರಗಳು, ಇವಕ್ಕೆ ಚಪ್ಪಾಳೆ ಯಾಕೆ?’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಆದರೆ ಬರೆದ ಮೇಜಿನ ಖಾನೆಯಲ್ಲೇ ಒಂದು ಆಲ್ಬಮ್ಮಿತ್ತು. ಮೂವತ್ತು ವರ್ಷದಿಂದ ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ ಯುದ್ಧವಿಮಾನಗಳ ಚಿತ್ರ. ತಾವೇ ತೆಗೆದದ್ದು ಒಂದೂ ಇಲ್ಲ. ಸಾಯುವುದರೊಳಗೆ ಒಂದೇ ಒಂದು ಬೇಕಿತ್ತು. ಆಸೆಗೆ ನಾಚಿಕೆಯಿಲ್ಲ. ಮಾಸ್ತರರಿಗೆ ಇತ್ತು, ಅದಕ್ಕೇ ಟವೆಲು. ಆ ಖಾನೆಯ ಧೂಳನ್ನು ಹೆಂಡತಿ ಫಕೀರಮ್ಮ ವಾರಕ್ಕೊಮ್ಮೆ ಒರೆಸುತ್ತಿದ್ದಳು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಮನೆಯಿಂದ ಹೊರಬೀಳುವುದೇ ಕಷ್ಟವಿತ್ತು. ಮದುವೆ, ತೊಟ್ಟಿಲು, ಪಿಂಚಣಿ ಕಚೇರಿ, ಏನು ಹೇಳಿದರೂ ಫಕೀರಮ್ಮ ಹತ್ತು ಪ್ರಶ್ನೆ ಕೇಳುವವಳು. ಪ್ರಶ್ನೆಯಿಲ್ಲದ್ದು ಸಾವೊಂದೇ. ಸತ್ತರೆಂದ ಮೇಲೆ ಸತ್ತರು, ಫೋನು ಮಾಡಿ ‘ಖರೇನಾ?’ ಎಂದು ಯಾರೂ ವಿಚಾರಿಸುವುದಿಲ್ಲ. ಹಾಗಾಗಿ ಬೆಳಿಗ್ಗೆ ಚಹಾ ಕುಡಿಯುತ್ತ ಮಾಸ್ತರರು ಬೇವೂರಿನ ಓಬಳೆಪ್ಪನನ್ನು ಸಾಯಿಸಿಬಿಟ್ಟರು. ಒಂದೇ ಶಾಲೆಯಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದ ಗೆಳೆಯ. ಮನವಿಗೆ ಎರಡನೆಯ ಸಹಿ ಅವನದೇ. ಪಾಪ ಅನ್ನಿಸಿತು. ಸುಳ್ಳು ಸಾವಿನ ಸುದ್ದಿ ಹಬ್ಬಿದರೆ ಆಯುಷ್ಯ ಹೆಚ್ಚುತ್ತದೆ ಎನ್ನುತ್ತಾರಲ್ಲ, ಅವನಿಗೆ ಉಪಕಾರವೇ ಆಯಿತು ಎಂದುಕೊಂಡರು.

“ಎಮ್ಮಿ ಇವತ್ತೋ ನಾಳೆನೋ ಈಯತೈತಿ, ನಾ ಬರಾಕ ಆಗೂದಿಲ್ರಿ. ನೀವ ಹೋಗಿ ಮಣ್ಣು ಮುಗಿಸಿ ಬರ್ರಿ,” ಎಂದಿದ್ದಳು ಫಕೀರಮ್ಮ, ಸೆರಗಿನಿಂದ ಕಣ್ಣೊರೆಸಿಕೊಂಡು.

ಆಕಾಶ ಹರಿದಂತೆ ಸದ್ದಾಯಿತು. ಆನೆಗೊಂದಿ ಕಡೆಯ ಬಂಡೆಗುಡ್ಡಗಳ ಹಿಂದಿನಿಂದ ಮೂರು ವಿಮಾನ ಎದ್ದು ಬಂದವು. ಸ್ಟುಡಿಯೋ ಶಬ್ಬೀರಸಾಬನನ್ನು ಕಾಡಿಬೇಡಿ ತಂದ ಕ್ಯಾಮೆರಾವನ್ನು ಮಾಸ್ತರರು ಎತ್ತಿದರು. ಎದೆ ಕುಣಿಯಿತು. ಪಾಟೀಚೀಲ ನೆನಪಾಯಿತು. ಬೆರಳು ಎರಡಕ್ಕೂ ಕಾಯದೆ ಒತ್ತಿತು. ಹನ್ನೊಂದು ಸಲ ಬರೀ ಬಾಲ ಬಂತು. ಹನ್ನೆರಡನೆಯದರಲ್ಲಿ ವಿಮಾನ ಇಡಿಯಾಗಿ ಸಿಕ್ಕಿತು, ಬಿಸಿಲಿಗೆ ಹೊಳೆಯುತ್ತ, ಫೋಟೋದ ನಟ್ಟನಡುವೆ.

“ಭಲೇ ಮಗನ!” ಎಂದು ಕೂಗಿಯೇಬಿಟ್ಟರು. ಮರುಗಳಿಗೆ ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡರು.

ಪಕ್ಕಕ್ಕೆ ತಿರುಗಿದರೆ ಟವೆಲಿನವನೂ ಮೊಬೈಲು ಹಿಡಿದು ಕುಪ್ಪಳಿಸುತ್ತಿದ್ದ. ಕ್ಯಾಮೆರಾ ತನ್ನತ್ತ ತಿರುಗಿದ್ದು ಕಂಡದ್ದೇ ತಡ, ತಲೆ ತಗ್ಗಿಸಿ ಜನರ ನಡುವೆ ನುಸುಳಿದ. ಊರವರು ಬೆನ್ನಿಗೆ ಹಚ್ಚಿದ ಗುಪ್ತಚರನೇ ಸರಿ ಎಂದು ಮಾಸ್ತರರು ಇನ್ನೊಂದು ದಿಕ್ಕಿಗೆ ಓಡಿದರು.

“ಏನ್ರೀ ಅಣ್ಣಾರ, ಇಬ್ರೂ ಒಬ್ಬರಿಗೊಬ್ಬರು ಅಂಜಿ ಓಡಾಕತ್ತೀರಲ್ಲ!” ಎಂದು ಶೇಂಗಾ ಮಾರುವ ಲಾಲಬೀ ನಕ್ಕಳು.

ಸಂಜೆ ತಳಕಲ್ಲಿಗೆ ಬಂದಾಗ ಫಕೀರಮ್ಮ ಅಂಗಳದಲ್ಲೇ ನಿಂತಿದ್ದಳು. ಪಕ್ಕದಲ್ಲಿ ತುಂಬಿದ ಕೊಡ. ಸತ್ತವರ ಮಣ್ಣಿಗೆ ಹೋಗಿಬಂದವರು ಹೊಸ್ತಿಲು ದಾಟುವ ಮೊದಲು ಮೈಮೇಲೆ ನೀರು ಬೀಳಲೇಬೇಕು. ಮಾಸ್ತರರಿಗೆ ಅದು ಮರೆತೇಹೋಗಿತ್ತು. ಕ್ಯಾಮೆರಾ ಹೆಗಲಿನ ಬಟ್ಟೆಚೀಲದಲ್ಲಿತ್ತು.

“ಮಂದಿ ಭಾಳ ಕೂಡಿತ್ತೇನ್ರಿ?”

“ಹೂಂ, ಭಾಳ. ಛಲೋ ಮನಷ್ಯಾ ಇದ್ದ ನೋಡು ಅವ.”

“ಎಲ್ಲಾರೂ ಮ್ಯಾಲೆ ನೋಡಿಕೋತ ನಿಂತಿರಬೇಕು.”

“ಹೋದಾವ ಮ್ಯಾಲೆನ ಹೋದನಲ್ಲ,” ಎಂದರು ಮಾಸ್ತರರು, ದನಿ ಸಣ್ಣದು ಮಾಡಿಕೊಂಡು.

“ಅಲ್ಲೇ ನಿಂದರ್ರಿ. ಚೀಲಾನೂ ಮೈಲಿಗಿ ಆಗೈತಿ.”

“ಏ, ಚೀಲ ಬ್ಯಾಡ!”

ಕೊಡ ಬರಿದಾಯಿತು. ಮಾಸ್ತರರು ಗಾಬರಿಯಲ್ಲಿ ಕ್ಯಾಮೆರಾ ಹೊರಗೆಳೆದು ಒತ್ತಿದರು, ಒದರಿದರು, ಊದಿದರು. ಅದು ಮಿಸುಕಲಿಲ್ಲ. ಒಂದೇ ಒಂದು ಫೋಟೋ! ಮಾಸ್ತರರು ಅಂಗಳದಲ್ಲೇ ಕುಕ್ಕರಿಸಿ ಬಿಕ್ಕಿಬಿಕ್ಕಿ ಅತ್ತರು. ಕೈಯಲ್ಲಿರುವುದೇನೆಂದು ಫಕೀರಮ್ಮ ಕೇಳಲೂ ಇಲ್ಲ.

“ಅಳಬ್ಯಾಡ್ರಿ. ಇವತ್ತ ನಿಮ್ಮ ಆಯುಷ್ಯನೂ ಹೆಚ್ಚಾಗೈತಿ,” ಎಂದಳು.

“ನಂದ್ಯಾಕ?”

ಒಳಗಿನಿಂದ ಓಬಳೆಪ್ಪನ ಹೆಂಡತಿ ಗೀತಾ ಹೊರಗೆ ಬಂದಳು. ತಂದಿದ್ದ ಹೂವಿನ ಹಾರವನ್ನು ಒದ್ದೆ ಮಾಸ್ತರರ ಕೊರಳಿಗೆ ಹಾಕಿ, ಚಪ್ಪಲಿ ಮೆಟ್ಟಿಕೊಂಡಳು.

“ನಾ ಬರ್ತೀನ್ರಿ ಅಕ್ಕಾರ, ಬೇವೂರಾಗ ನಾನೂ ಒಂದು ಕೊಡ ತುಂಬಿ ಇಡಬೇಕು. ಮುಂಜಾನಿ ಈ ಮಾಸ್ತರರ ಮಣ್ಣಿಗಂತ ಟವೆಲ ಹೆಗಲಿಗೆ ಹಾಕ್ಕೊಂಡು ಹೋದ ನಮ್ಮವರು ಇನ್ನೇನ ಬರೂ ಹೊತ್ತಾತು.”