ಮಗ್ಗದ ಗುಂಡಿಗಿಳಿದ ಕಾಲು

ಕಾಯಿಸಿದ ಹರಳೆಣ್ಣೆಯ ವಾಸನೆ ಬಂದರೆ ಈಗಲೂ ನನ್ನ ಎದೆ ಝಲ್ಲೆನ್ನುತ್ತದೆ.

ಅಂದು ಮಧ್ಯಾಹ್ನ ಅಣ್ಣ ಪಟ್ಟಣದ ಕಾಲೇಜಿನಿಂದ ಮೊಳಕಾಲ್ಮೂರಿನ ನಮ್ಮ ಮನೆಗೆ ಕುಂಟುತ್ತ ಬಂದ. ಬಲಪಾದ ಊದಿ ಕಪ್ಪಗಾಗಿತ್ತು.

“ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಈ ವರ್ಷ ಯಾವ ಪಂದ್ಯಕೂಟದಾಗೂ ಇಲ್ಲಪ್ಪ. ಕರೆದೋರ ಜೊತೆಗೆಲ್ಲ ಆಡ್ಬೇಕು. ಮೊನ್ನೆ ಅಲ್ಲಿನ ದಂಡಿನ ಬಿಳಿ ಸೋಲ್ಜರ್‌ಗಳು ಕರೆದ್ರು. ಅವ್ರ ಕಾಲಿಗೆ ಬೂಟು, ನಮ್ದು ಬರಿಗಾಲು.”

ಅಪ್ಪ ಬೈಯಲಿಲ್ಲ. ಮಗ್ಗದ ಗುಂಡಿಯಿಂದ ಎದ್ದು ಅವನನ್ನು ತನ್ನ ಜಾಗದಲ್ಲಿ ಕೂರಿಸಿದ.

“ತುಳಿ, ನೋಡಾನ.”

ಅಣ್ಣ ಹಲ್ಲು ಕಚ್ಚಿದ. ನಾನು ಗುಂಡಿಯೊಳಗೆ ಬಗ್ಗಿ ನೋಡಿದೆ. ಕಾಲು ನಡುಗುತ್ತಿತ್ತು, ತುಳಿಯುವ ಹಲಗೆ ಕದಲಲಿಲ್ಲ. ಮೇಲೆ ರೇಷ್ಮೆಯ ಒಂದೆಳೆಯೂ ಅಲುಗಲಿಲ್ಲ.

ಒಳಗೆ ಅಣ್ಣನ ಕಾಲಿಗೆ ಹಚ್ಚಲು ಹರಳೆಣ್ಣೆ ಕಾಯಿಸುತ್ತಿದ್ದ ಅವ್ವ ಕೂಗಿದಳು, “ತುಳಿದ್ನಾ?”

ಅಪ್ಪ ಗುಂಡಿಗೆ ಕೈ ಇಳಿಸಿ ಹಲಗೆಯನ್ನು ತಾನೇ ಒತ್ತಿದ. ಮಗ್ಗ ಕಿರ್ರೆಂದಿತು.

“ಕೇಳಿಸ್ತೇನೇ? ತುಳೀತಾನೆ,” ಎಂದ, ನನ್ನ ಕಡೆ ನೋಡದೆ.