ಹೆರಿಗೆ ವಾರ್ಡಿಗಾಗಿ ಒಂದು ಪ್ರಾರ್ಥನೆ

ನರ್ಸಮ್ಮ ಪ್ರಶ್ನೆ ಕೇಳಲೆಂದು ಎದ್ದು ನಿಂತದ್ದೇ ತಡ, ಪಾಸ್ಟರು ಮೈಕನ್ನು ಬಾಯಿಗೆ ಎಳೆದುಕೊಂಡು, “ಎಲ್ಲರೂ ತಲೆ ಬಾಗಿಸಿ, ಕಣ್ಣು ಮುಚ್ಚಿ. ಪ್ರಾರ್ಥನೆ ಮಾಡೋಣ” ಎಂದರು.

ಆರಾಧನೆ ಆಗಲೇ ಮುಗಿದಿತ್ತು. ಪ್ರಸಂಗಪೀಠದ ಪಕ್ಕದಲ್ಲಿ ಹಾಕಿದ್ದ ಮೆತ್ತನೆಯ ಕುರ್ಚಿಯಲ್ಲಿ ಚುನಾವಣೆಗೆ ನಿಂತ ಅಭ್ಯರ್ಥಿ ಕೂತಿದ್ದ. ತಾನು ಗೆದ್ದರೆ ದೇವರ ಮಕ್ಕಳ ನಂಬಿಕೆಯನ್ನು ಕಣ್ಣಿನ ಹಾಗೆ ಕಾಯುತ್ತೇನೆಂದು ಅಲ್ಲಿಯವರೆಗೂ ಕೊರೆದಿದ್ದ. ಊರಿನ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡನ್ನು ತಿಂಗಳ ಕೊನೆಗೆ ಮುಚ್ಚಲು ಹೊರಟದ್ದು ಅವನ ಪಕ್ಷವೇ. ಆ ಬಗ್ಗೆ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಮುಚ್ಚಿದರೆ ಬಸುರಿಯರು ಬೆಟ್ಟ ಸುತ್ತಿಕೊಂಡು ಪಕ್ಕದ ಪಟ್ಟಣಕ್ಕೆ ಹೋಗಬೇಕು. ಆ ವಾರ್ಡಿನಲ್ಲೇ ಕೂದಲು ನೆರೆಸಿಕೊಂಡ ನರ್ಸಮ್ಮನಿಗೆ ಆ ದಾರಿಯ ಒಂದೊಂದು ಗುಂಡಿಯೂ ಗೊತ್ತಿತ್ತು.

“ಕರ್ತನೇ,” ಎಂದು ಪಾಸ್ಟರು ದನಿ ಎಳೆದರು, “ನಮ್ಮ ಸಹೋದರಿಯ ಮನಸ್ಸಿನಲ್ಲಿ ಏನೋ ತಳಮಳ ಇದೆ. ಆಕೆಗೆ ಸಮಾಧಾನ ಕೊಡು. ನಿನ್ನ ಆಲಯದಲ್ಲಿ ರಾಜಕೀಯದ ಮಾತು ಬಾರದ ಹಾಗೆ ನಮ್ಮ ನಾಲಿಗೆಯನ್ನು ಕಾಯಿ.”

ನರ್ಸಮ್ಮನ ಮೈ ಉರಿದುಹೋಯಿತು. ರಾಜಕೀಯ ಬೇಡವಂತೆ! ಹಾಗಾದರೆ ಆ ಕುರ್ಚಿಯಲ್ಲಿ ಕೂತವನೇನು ಹಾಡಿನ ತಂಡದವನೇ? ಹೋದ ವಾರ ಹಿರಿಯರ ಮುಂದೆ ಇದೇ ಮಾತೆತ್ತಿದಾಗ, “ಪ್ರಾರ್ಥನೆಯಲ್ಲಿ ಇಡೋಣ ಸಿಸ್ಟರ್” ಎಂದು ಸಾಗಹಾಕಿದ್ದರು. ಅದಕ್ಕೂ ಹಿಂದೆ ಹೆಂಗಸರ ಕೂಟದಲ್ಲಿ, “ನಿಮಗೋಸ್ಕರ ಉಪವಾಸ ಮಾಡ್ತೀವಿ” ಎಂದಿದ್ದರು. ಅವಳೇನು ಕಾಯಿಲೆ ಬಿದ್ದಿದ್ದಳೇ? ಈ ಸಭೆಯಲ್ಲಿ ಪ್ರಶ್ನೆ ಕೇಳುವವರನ್ನು ಯಾರೂ ಗದರಿಸುವುದಿಲ್ಲ, ಹೊರಗೆ ಹಾಕುವುದೂ ಇಲ್ಲ. ಅವರ ಮೇಲೆ ಪ್ರಾರ್ಥನೆ ಮಾಡಿಬಿಡುತ್ತಾರೆ, ಅಷ್ಟೇ. ಪ್ರಾರ್ಥನೆಗೆ ಅಡ್ಡಬಾಯಿ ಹಾಕುವ ಧೈರ್ಯ ಯಾವ ಗಂಡಿಗೂ ಇಲ್ಲ, ಹೆಣ್ಣಿಗೂ ಇಲ್ಲ.

ಅಷ್ಟರಲ್ಲಿ ಪಾಸ್ಟರು ವಾಡಿಕೆಯಂತೆ, “ಇನ್ನು ಯಾರಾದರೂ ಒಬ್ಬರು ಮುಂದುವರಿಸಿ” ಎಂದರು. ಮುಂದಿನ ಬೆಂಚಿನ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಳ್ಳುವುದರೊಳಗೆ ನರ್ಸಮ್ಮ ಕಣ್ಣು ಬಿಗಿಯಾಗಿ ಮುಚ್ಚಿ, “ಕರ್ತನೇ!” ಎಂದುಬಿಟ್ಟಳು.

“ಕರ್ತನೇ, ಮರಿಯಳಿಗೆ ಹೆರೋದಕ್ಕೆ ಒಂದು ಕೋಣೆ ಸಿಗಲಿಲ್ಲ, ಮಗುವಿಗೆ ಗೋದಲಿಯೇ ಗತಿಯಾಯ್ತು ಅಂತ ನಾವು ವರ್ಷ ವರ್ಷ ಕ್ರಿಸ್‌ಮಸ್ಸಿಗೆ ಹಾಡ್ತೀವಿ. ಈಗ ಇರೋ ಕೋಣೆಗೆ ಬೀಗ ಜಡಿಯೋಕೆ ಹೊರಟಿದಾರೆ. ಯಾಕೆ ಅಂತ ಇಲ್ಲಿ ಕೂತಿರೋ ಅಣ್ಣನನ್ನ ಕೇಳು. ಬೆಟ್ಟದ ನಡುದಾರಿಯಲ್ಲಿ ನೋವು ಬಂದರೆ ನಮ್ಮ ಹೆಣ್ಣುಮಕ್ಕಳು ಏನು ಮಾಡಬೇಕು, ಕೇಳು. ನಂಬಿಕೆ ಕಾಯೋನು ಬಾಣಂತಿಯನ್ನೂ ಕಾಯ್ತಾನಾ, ಅದನ್ನೂ ಕೇಳು ಕರ್ತನೇ!”

ಪಾಸ್ಟರು ಕೆಮ್ಮಿದರು. ಹಿರಿಯರು ನಡುವೆಯೇ “ಆಮೆನ್” ಎಂದು ಕತ್ತರಿ ಹಾಕಲು ನೋಡಿದರು. ನರ್ಸಮ್ಮ ನಿಲ್ಲಿಸಲಿಲ್ಲ. ಇವರು ಕಲಿಸಿದ ವಿದ್ಯೆಯನ್ನು ಇವರಿಗೇ ತಿರುಗಿಸಿದ ಸಂತೋಷದಲ್ಲಿ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿ, ಕೊನೆಗೆ ತಾನೇ ಗಟ್ಟಿಯಾಗಿ ಆಮೆನ್ ಹೇಳಿ ಕಣ್ಣು ಬಿಟ್ಟಳು. ಈಗ ಉತ್ತರ ಹೇಳಲಿ, ನೋಡೋಣ!

ಅಭ್ಯರ್ಥಿ ನಿಧಾನವಾಗಿ ಎದ್ದು ಕೈ ಮುಗಿದ. “ಎಂಥ ಮನಮುಟ್ಟೋ ಪ್ರಾರ್ಥನೆ! ಆದರೆ ಸಿಸ್ಟರ್ ಕೇಳಿದ್ದು ದೇವರನ್ನ. ದೇವರು ಹೇಳಬೇಕಾದ ಉತ್ತರವನ್ನ ನಾನು ಹೇಳಿದರೆ ಅಹಂಕಾರ ಆಗುತ್ತೆ” ಎಂದ. ಸಭೆಗೆ ಸಭೆಯೇ “ಆಮೆನ್” ಎಂದಿತು. ಅವನು ಎಲ್ಲರ ಕೈ ಕುಲುಕುತ್ತಾ ಕಾರು ಹತ್ತಿ ಹೋದ.

ನರ್ಸಮ್ಮನಿಗೆ ಅಳುವೂ ಸಿಟ್ಟೂ ಒಟ್ಟಿಗೆ ಉಕ್ಕಿ ಬಂದವು. ಹೊರಗೆ ಮೆಟ್ಟಿಲ ಬಳಿ ಅವಳ ನಾದಿನಿ ನಿಂತಿದ್ದಳು. ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡವಳು. ಎದೆಯ ಮೇಲೆ ಆ ಅಭ್ಯರ್ಥಿಯ ಪಕ್ಷದ ಬಿಲ್ಲೆ. ಚುನಾವಣೆ ಬಂದಾಗಿನಿಂದ ಅತ್ತಿಗೆ ನಾದಿನಿ ಎಣ್ಣೆ ಸೀಗೆಕಾಯಿ.

“ನಿನ್ನ ಸಾಹೇಬರ ಉತ್ತರ ಕೇಳಿದೆಯಲ್ಲ, ಹೊಟ್ಟೆ ತಣ್ಣಗಾಯ್ತಾ?” ಎಂದಳು ನರ್ಸಮ್ಮ.

“ಅದೂ ಒಂದು ಉತ್ತರಾನಾ? ನಂಗೂ ಬೇಜಾರಾಯ್ತು,” ಎಂದಳು ನಾದಿನಿ. “ಆದ್ರೆ ಅತ್ತಿಗೆ, ನನ್ನ ಮಗಳ ಹೆರಿಗೆ ದಿನ ನಿಮ್ಮ ವಾರ್ಡಲ್ಲಿ ಡಾಕ್ಟರು ಇದ್ರಾ? ರಕ್ತ ನಿಲ್ಲದೆ, ತರಕಾರಿ ವ್ಯಾನಲ್ಲಿ ಹಾಕ್ಕೊಂಡು ಅದೇ ಪಟ್ಟಣಕ್ಕೆ ಓಡಿದ್ವಲ್ಲ, ಮರೆತ್ರಾ?”

“ಅದಕ್ಕೆ ಮುಚ್ಚಿಬಿಡೋದಾ? ಡಾಕ್ಟರನ್ನ ಹಾಕಿ ಅಂತ ಕೇಳಬೇಕಪ್ಪ!”

“ಹಾಕಿದ್ರೆ ಸರಿ, ಯಾರು ಬೇಡ ಅಂತಾರೆ? ಹಾಕದೇ ಇದ್ರೆ, ಬಾಗಿಲು ತೆಗೆದಿದೆ ಅಂತ ನಂಬಿ ಬಂದವರು ಸಾಯೋದಕ್ಕಿಂತ ಮುಚ್ಚೋದೇ ವಾಸಿ. ಇದು ನನ್ನ ಲೆಕ್ಕ. ತಪ್ಪಿದ್ರೆ ತಪ್ಪು ಅನ್ನಿ, ಜಗಳ ಆಡಿ.”

ಇಷ್ಟು ದಿನದಲ್ಲಿ ಈ ವಾರ್ಡಿನ ಬಗ್ಗೆ ನರ್ಸಮ್ಮನ ಎದುರು ನಿಂತು ಯಾರಾದರೂ ಆಡಿದ ನೆಟ್ಟಗಿನ ಮಾತು ಇದೊಂದೇ.

“ಮತ್ತೆ ಒಳಗೆ ಅಷ್ಟು ಜನರ ಮುಂದೆ ಇದನ್ನ ಹೇಳೋಕೆ ನಿನ್ನ ಬಾಯಿಗೇನು ಬೀಗ ಬಿದ್ದಿತ್ತಾ?” ಎಂದು ರೇಗಿದಳು.

“ಹೇಳೋಣ ಅಂತಾನೇ ನಾನೂ ಎದ್ದು ನಿಂತಿದ್ದೆ ಅತ್ತಿಗೆ,” ಎಂದಳು ನಾದಿನಿ. “ನೀವು ಕಣ್ಣು ಮುಚ್ಚಿಕೊಂಡು ಪ್ರಾರ್ಥನೆ ಮಾಡ್ತಾ ಇದ್ರಿ.”